ಅಜ್ಜಿಯ ಪೆನ್ಸಿಲ್

ಈ ಕೆಲಸ ನನ್ನ ತಲೆಗೆ ಬಂದದ್ದು ನಾನು ಬೇಗ ಟೈಪ್ ಮಾಡುತ್ತೇನೆ ಅನ್ನುವ ಒಂದೇ ಕಾರಣಕ್ಕೆ.

ಕೆನಡಾದ ಕಿಚನರ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ಒಬ್ಬ ಅಜ್ಜಿ. 2018ರಲ್ಲಿ ಅವರಿಗೆ 85. ಅವರ ಚರ್ಚಿನವರು ಹಿರಿಯರ ಕಥೆಗಳನ್ನೆಲ್ಲ ಸೇರಿಸಿ ಒಂದು ಪುಸ್ತಿಕೆ ತರುವವರಿದ್ದರು. ಒಬ್ಬೊಬ್ಬರಿಗೆ ನಾಲ್ಕು ಪುಟ. ನಿಮ್ಮ ಬದುಕು, ನಿಮ್ಮ ನಂಬಿಕೆ ನಡೆದು ಬಂದ ದಾರಿ, ಇಷ್ಟು ಬರೆಯಬೇಕು. ಅಜ್ಜಿಗೆ ಕಣ್ಣಿಗೆ ಪೊರೆ ಬಂದಿತ್ತು. ಮಕ್ಕಳಿಬ್ಬರೂ ದೂರದ ಆಲ್ಬರ್ಟಾದಲ್ಲಿ. "ನೀನು ದಿನವಿಡೀ ಕಂಪ್ಯೂಟರ್ ಕುಟ್ಟುತ್ತಾ ಇರ್ತೀಯಲ್ಲ, ಇದನ್ನೂ ಕುಟ್ಟಿಕೊಡು" ಅಂದರು. ನಾಲ್ಕೇ ಪುಟ ತಾನೇ, ಎರಡು ಶನಿವಾರ ಸಾಕು ಅಂದುಕೊಂಡೆ. ನವೆಂಬರ್‌ನಲ್ಲಿ ಶುರು ಮಾಡಿದ್ದು ಮುಗಿಯುವಾಗ ಅಂಗಳದ ಹಿಮವೆಲ್ಲ ಕರಗಿತ್ತು.

ಆ ದೇಶದಲ್ಲಿ ಎಂಬತ್ತೈದರವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಗದಗಿನಲ್ಲಿ ಬೆಳೆದ ನನ್ನ ನಾಲಿಗೆ ಅದಕ್ಕೆ ಒಗ್ಗಲಿಲ್ಲ. 'ಅಜ್ಜಿ' ಅಂತ ಕರೆಯಲಾ ಅಂತ ಕೇಳಿ, ಅರ್ಥ ಹೇಳಿದೆ. ಅವರಿಗೆ ಹಿಡಿಸಿತು. ಹಾಗಾಗಿ ಇಲ್ಲೂ ಅಜ್ಜಿಯೇ. ಹೆಸರು ಹಾಕಬೇಡ ಅಂದವರೂ ಅವರೇ.

ಮೆನೊನೈಟ್ ಅಂದರೆ ಸಾಕು, ಅಲ್ಲಿನ ನಮ್ಮ ಕನ್ನಡದವರು ಕೇಳುವುದು ಒಂದೇ ಪ್ರಶ್ನೆ. "ಅದೇ, ಕುದುರೆ ಗಾಡಿಯವರಾ?" ಸೇಂಟ್ ಜೇಕಬ್ಸ್ ಸಂತೆಗೆ ಹೋದಾಗ ಕಪ್ಪು ಗಾಡಿ, ಕಪ್ಪು ಟೋಪಿ ನೋಡಿರುತ್ತೇವಲ್ಲ, ಅದು ತಲೆಯಲ್ಲಿ ಕೂತಿರುತ್ತದೆ. ಅವರು ಹಳೆಯ ಕಟ್ಟಳೆ ಬಿಡದ ಮೆನೊನೈಟರು. ನಮ್ಮ ಅಜ್ಜಿ ಮೊನ್ನೆ ಮೊನ್ನೆಯವರೆಗೂ ಟೊಯೊಟಾ ಕೊರೊಲ್ಲಾ ಓಡಿಸಿದವರು. ಐಪ್ಯಾಡ್‌ನಲ್ಲಿ ಸ್ಕ್ರ್ಯಾಬಲ್ ಆಡಿ ನನ್ನನ್ನು ಸೋಲಿಸುತ್ತಿದ್ದರು. ಆದರೆ ಬೇರು ಒಂದೇ. ದೊಡ್ಡವರಾದ ಮೇಲೆ, ತಾವೇ ಒಪ್ಪಿದರೆ ಮಾತ್ರ ದೀಕ್ಷಾಸ್ನಾನ. ಆಣೆ ಇಡುವುದಿಲ್ಲ. ಕೋವಿ ಹಿಡಿಯುವುದಿಲ್ಲ.

ಊರಿನ ಹೆಸರಿನಲ್ಲೇ ಒಂದು ತಮಾಷೆ ಇದೆ. ಕಿಚನರ್ ಮೊದಲು ಬರ್ಲಿನ್ ಆಗಿತ್ತು. ಮೊದಲ ಮಹಾಯುದ್ಧ ಬಂತು, ಜರ್ಮನ್ ಹೆಸರು ಬೇಡವಾಯಿತು. 1916ರಲ್ಲಿ ಲಾರ್ಡ್ ಕಿಚನರ್ ಹೆಸರು ಇಟ್ಟರು. ನಮ್ಮಲ್ಲಿ ಬ್ರಿಟಿಷ್ ಇಂಡಿಯಾದ ಸೇನೆಗೆ ದಂಡನಾಯಕನಾಗಿದ್ದನಲ್ಲ, ಅದೇ ಕಿಚನರ್, ಆಮೇಲೆ ಬ್ರಿಟನ್ನಿನ ಯುದ್ಧಮಂತ್ರಿ. ಯುದ್ಧವೇ ಬೇಡ ಅನ್ನುವ ಜನ ಇಷ್ಟೊಂದು ಇರುವ ಊರಿಗೆ ಯುದ್ಧಮಂತ್ರಿಯ ಹೆಸರು. ಅಜ್ಜಿ ಇದನ್ನು ವರ್ಷಕ್ಕೆ ಎರಡು ಸಲವಾದರೂ ಹೇಳಿ ನಗುತ್ತಿದ್ದರು.

ಮೊದಲ ದಿನ ಅಡುಗೆಮನೆ ಮೇಜಿನ ಮೇಲೆ ಫೋನ್ ಇಟ್ಟು ರೆಕಾರ್ಡ್ ಒತ್ತಿದೆ. "ನೀವು ಎಲ್ಲಿ ಹುಟ್ಟಿದ್ದು?" ಅಂತ ಕೇಳಿದೆ. ಅಜ್ಜಿ ಕ್ಯಾಥರೀನ್ ರಾಣಿಯಿಂದ ಶುರು ಮಾಡಿದರು.

ನಮ್ಮೂರ ಹಿರಿಯರೂ ಹೀಗೇ ಅಲ್ವಾ? ಹೊಲದ ಗಡಿ ಕೇಳಿದರೆ ಮುತ್ತಜ್ಜನ ಮದುವೆಯಿಂದ ಹಿಡಿಯುತ್ತಾರೆ. ಅಜ್ಜಿಯದು ಇನ್ನೂ ಹಿಂದಕ್ಕೆ ಹೋಯಿತು. ಹಾಲೆಂಡಿನ ಫ್ರೀಸ್‌ಲ್ಯಾಂಡಿನಲ್ಲಿ ಮೆನ್ನೋ ಸೈಮನ್ಸ್ ಅಂತ ಒಬ್ಬ ಕ್ಯಾಥೊಲಿಕ್ ಪಾದ್ರಿ. 1536ರಲ್ಲಿ ಪಾದ್ರಿ ಕೆಲಸ ಬಿಟ್ಟು, ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದು, ತಲೆಮರೆಸಿಕೊಂಡು ಓಡಾಡುತ್ತಿದ್ದ ಮರುದೀಕ್ಷೆಯವರ ಜೊತೆ ಸೇರಿದ. ಅವನ ಹೆಸರೇ ಇವರಿಗೆ ಅಂಟಿತು. ಬಲವಂತ ಜಾಸ್ತಿಯಾದ ಹಾಗೆಲ್ಲ ಇವರು ಪೂರ್ವಕ್ಕೆ ಸರಿದರು. ಮೊದಲು ಡಾನ್ಸಿಗ್ (ಈಗಿನ ಪೋಲೆಂಡಿನ ಗ್ಡಾನ್ಸ್ಕ್) ಹತ್ತಿರದ ಜೌಗು ನೆಲ. ಅಲ್ಲಿಂದ, ರಷ್ಯಾದ ಕ್ಯಾಥರೀನ್ ರಾಣಿ ಪರದೇಶದ ರೈತರನ್ನು ಕರೆದಳಲ್ಲ, ಆ ಕರೆ ಹಿಡಿದು ದಕ್ಷಿಣ ಉಕ್ರೇನಿನ ಬಯಲು. ಅಜ್ಜಿಯ ಮನೆತನ 1804ರಲ್ಲಿ ಶುರುವಾದ ಮೊಲೊಚ್ನಾ ವಸಾಹತಿನದು. ಸೈನ್ಯಕ್ಕೆ ಬರಬೇಕಿಲ್ಲ ಅಂತ ರಾಜರು ಮಾತು ಕೊಟ್ಟಿದ್ದರು. ಇನ್ನೂರು ಮುನ್ನೂರು ವರ್ಷ ಎಲ್ಲೆಲ್ಲೋ ಇದ್ದರೂ ಮನೆಯೊಳಗಿನ ಮಾತು ಮಾತ್ರ ಕೆಳನಾಡಿನ ಜರ್ಮನ್ ಆಡುಮಾತಾದ ಪ್ಲೌಟ್‌ಡೀಚ್. ಅಜ್ಜಿ ಬೈಯುವುದು ಈಗಲೂ ಅದರಲ್ಲೇ.

ಒಂದು ಗಂಟೆ ಇಪ್ಪತ್ತು ನಿಮಿಷ ರೆಕಾರ್ಡ್ ಆಯಿತು. ಅಜ್ಜಿ ಇನ್ನೂ ಹುಟ್ಟಿರಲಿಲ್ಲ.

ಎರಡನೇ ವಾರದಿಂದ ನಾನು ಬುದ್ಧಿ ಕಲಿತೆ. ಪ್ರಶ್ನೆ ಕೇಳುವುದು ಬಿಟ್ಟು ಅವರ ಕೈಗೆ ಕೆಲಸ ಕೊಟ್ಟೆ. ಕೈ ಆಡುತ್ತಿದ್ದರೆ ಬಾಯಿ ತಾನಾಗಿ ಬರುತ್ತದೆ. ನನ್ನ ಅಜ್ಜಿಯೂ ಕೌದಿ ಹೊಲಿಯುವಾಗ ಮಾತ್ರ ತನ್ನ ತವರಿನ ಕಥೆ ಹೇಳುತ್ತಿದ್ದಳು.

ಅವತ್ತು ಟ್ವೀಬಾಕ್ ಮಾಡಿದೆವು. ಬೆಣ್ಣೆ ಜಾಸ್ತಿ ಹಾಕಿದ ಬನ್ ಅನ್ನಿ. ವಿಶೇಷ ಏನೆಂದರೆ ಒಂದರ ಮೇಲೊಂದು ಎರಡು ಉಂಡೆ. ಅಜ್ಜಿ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳು, ತೋರುಬೆರಳ ನಡುವಿಂದ ಹಿಸುಕುತ್ತಾರೆ, ಒಂದು ಉಂಡೆ ಪುಳಕ್ಕನೆ ಹೊರಗೆ ಬರುತ್ತದೆ. ಅದನ್ನು ಕೆಳಗಿಟ್ಟು, ಇನ್ನೊಂದು ಸಣ್ಣದನ್ನು ಅದರ ತಲೆ ಮೇಲೆ ಕೂರಿಸಿ, ಬೆರಳಿನ ಗೆಣ್ಣಿನಿಂದ ಬುಡದವರೆಗೂ ಒತ್ತುತ್ತಾರೆ. ಸರಿಯಾಗಿ ಒತ್ತದಿದ್ದರೆ ಒಲೆಯಲ್ಲಿ ಮೇಲಿನದು ಜಾರಿ ಬೀಳುತ್ತದೆ. ನಾನು ಮಾಡಿದ ಹನ್ನೆರಡರಲ್ಲಿ ಒಂಬತ್ತು ಜಾರಿದವು. "ಕುಡುಕರು" ಅಂತ ಅವಕ್ಕೆ ಹೆಸರಿಟ್ಟು ಅಜ್ಜಿ ಬೇರೆ ತಟ್ಟೆಗೆ ಹಾಕಿದರು.

ಉಳಿದದ್ದನ್ನು ಮತ್ತೆ ಒಲೆಯಲ್ಲಿ ಒಣಗಿಸಿದರೆ ನಮ್ಮ ಬೇಕರಿ ಟೋಸ್ಟಿನ ಹಾಗೆ ಗರಿಗರಿ. ತಿಂಗಳುಗಟ್ಟಲೆ ಕೆಡುವುದಿಲ್ಲ. 1924ರಲ್ಲಿ ಅಜ್ಜಿಯ ಅಮ್ಮ ಇದನ್ನೇ ಎರಡು ಚೀಲ ತುಂಬಿಕೊಂಡು ರೈಲು ಹತ್ತಿದ್ದು.

ಅದಕ್ಕೆ ಮುಂಚಿನ ಐದಾರು ವರ್ಷದ ಕಥೆಯನ್ನು ಅಜ್ಜಿ ಬೇಗ ಬೇಗ ಹೇಳಿದರು. ಕ್ರಾಂತಿ, ಅಂತರ್ಯುದ್ಧ, ಅರಾಜಕತಾವಾದಿ ನೆಸ್ಟರ್ ಮಖ್ನೋನ ದಂಡು, ಟೈಫಸ್ ಜ್ವರ, ಆಮೇಲೆ ಬರ. ಅಮೆರಿಕದ ಮೆನೊನೈಟರು 1920ರಲ್ಲಿ ಸೇರಿ ಮೆನೊನೈಟ್ ಸೆಂಟ್ರಲ್ ಕಮಿಟಿ ಅಂತ ಮಾಡಿದ್ದೇ ಈ ಜನರ ಹೊಟ್ಟೆ ತುಂಬಿಸಲಿಕ್ಕೆ. 1922ರಲ್ಲಿ ಮೊಲೊಚ್ನಾದ ಊರುಗಳಲ್ಲಿ ಗಂಜಿಕೇಂದ್ರ ತೆರೆದರು. ಉಳಲು ಕುದುರೆ ಉಳಿದಿರಲಿಲ್ಲ, ಫೋರ್ಡ್‌ಸನ್ ಟ್ರ್ಯಾಕ್ಟರ್ ಕಳಿಸಿದರು, ಐವತ್ತು. ಅಮ್ಮ ಆಗ ಬಸುರಿ. ಗಂಜಿಕೇಂದ್ರದ ಊಟ ಉಂಡೇ ಆ ವರ್ಷ ಗಂಡುಮಗು ಹೆತ್ತರು. ಅಜ್ಜಿಯ ಅಣ್ಣ. ಅವನ ಬಗ್ಗೆ ಅವತ್ತು ಇಷ್ಟೇ ಹೇಳಿದರು.

ಲಿಕ್ಟೆನೌ ಸ್ಟೇಷನ್ನಿನಲ್ಲಿ ಗೂಡ್ಸ್ ಬೋಗಿ ಹತ್ತಿದ್ದು, ಲಾಟ್ವಿಯಾ ಗಡಿಯ ಕೆಂಪು ಕಮಾನು ದಾಟುವವರೆಗೂ ಯಾರೂ ಉಸಿರೆತ್ತದೆ ಕೂತಿದ್ದು, ದಾಟಿದ ಕ್ಷಣ ಬೋಗಿಯಿಂದ ಬೋಗಿಗೆ ಸ್ತೋತ್ರ ಹತ್ತಿಕೊಂಡದ್ದು. ಇದನ್ನು ಹೇಳುವಾಗ ಅಜ್ಜಿ ತಾವೇ ಆ ರೈಲಿನಲ್ಲಿ ಇದ್ದ ಹಾಗೆ ಹೇಳುತ್ತಿದ್ದರು. ಅವರು ಹುಟ್ಟಿದ್ದು ಒಂಬತ್ತು ವರ್ಷದ ಮೇಲೆ, ಕೆನಡಾದಲ್ಲಿ. ಚಿಕ್ಕಮ್ಮನಿಗೆ ಟ್ರಕೋಮಾ ಅನ್ನುವ ಕಣ್ಣಿನ ಅಂಟುರೋಗ ಇದೆ ಅಂತ ಇಂಗ್ಲೆಂಡಿನಲ್ಲೇ ತಡೆದರಂತೆ. ಅಕ್ಕನ ಸೆರಗು ಹಿಡಿದು ಅತ್ತ ಹುಡುಗಿ ಒಂದು ವರ್ಷ ಕಳೆದು ಬಂದಾಗ ಇಂಗ್ಲಿಷ್ ಮಾತಾಡುತ್ತಿದ್ದಳಂತೆ.

1924ರ ಜುಲೈ. ಕಿಚನರ್ ಪಕ್ಕದ ವಾಟರ್‌ಲೂ ಸ್ಟೇಷನ್ನಿನಲ್ಲಿ ಒಂದೇ ಸಲ ಎಂಟುನೂರಕ್ಕೂ ಹೆಚ್ಚು ಜನ ಇಳಿದರು. ಇವರನ್ನು ಮನೆಗೆ ಕರೆದೊಯ್ಯಲು ಬಂದು ನಿಂತವರು ಆಗಲೇ ಅಲ್ಲಿ ನೆಲೆಸಿದ್ದ, ಸ್ವಿಸ್ ಮೂಲದ ಮೆನೊನೈಟ್ ರೈತರು. ಇವರ ಜರ್ಮನ್ ಅವರಿಗೆ ತಿಳಿಯದು, ಅವರದು ಇವರಿಗೆ ತಿಳಿಯದು. ಎರಡು ವರ್ಷದ ಮಗು, ಖಾಲಿಯಾದ ಚೀಲ ಹಿಡಿದು ಅಪ್ಪ ಅಮ್ಮ ಗುರುತಿಲ್ಲದ ಒಬ್ಬರ ಗಾಡಿ ಹತ್ತಿದರು. ಅವರ ಮನೆಯಲ್ಲಿ ಎಂಟು ತಿಂಗಳು ಇದ್ದರು.

ಟಿಕೆಟ್ಟು ಪುಕ್ಕಟೆ ಆಗಿರಲಿಲ್ಲ. ಕೆನೇಡಿಯನ್ ಪೆಸಿಫಿಕ್ ರೈಲ್ವೆ ಸಾಲದ ಮೇಲೆ ಕರೆತಂದಿತ್ತು. ಜನರ ಹತ್ತಿರ ಅಡವಿಡಲು ಏನೂ ಇರಲಿಲ್ಲ. ಸಸ್ಕ್ಯಾಚೆವಾನಿನ ಡೇವಿಡ್ ಟೇವ್ಸ್ ಅನ್ನುವ ಹಿರಿಯರು ಸಮುದಾಯದ ಪರವಾಗಿ ಮಾತು ಕೊಟ್ಟಿದ್ದರು. ಅಷ್ಟೇ ಜಾಮೀನು. ಹತ್ತು ಲಕ್ಷ ಡಾಲರಿಗೂ ಮೀರಿದ ಸಾಲ. ಮೂವತ್ತರ ದಶಕದ ಆ ಕಷ್ಟದಲ್ಲೂ ಕಟ್ಟಿದರು. ತಮ್ಮ ಪಾಲು ತೀರಿಸಿದವರು, ತೀರಿಸಲಾಗದೆ ಸತ್ತವರ ಪಾಲನ್ನೂ ಕಟ್ಟಿದರು. ಅಜ್ಜಿಗೆ ಸಣ್ಣವರಿದ್ದಾಗ ಹುಟ್ಟುಹಬ್ಬಕ್ಕೆ ಬಂದ ಹತ್ತು ಸೆಂಟೂ ಆ ಡಬ್ಬಿಗೇ. 1946ರಲ್ಲಿ ಸಾಲ ಪೂರ್ತಿ ತೀರಿತು.

ಇದನ್ನೆಲ್ಲ ನಾನು ಟೈಪ್ ಮಾಡಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡುತ್ತಿದ್ದೆ. ಅವರು ಭೂತಗನ್ನಡಿ ಹಿಡಿದು, ಹಳದಿ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಮೊದಲ ಪ್ರತಿ ನೋಡಿ ನನಗೆ ಅಳು ಬರುವುದೊಂದು ಬಾಕಿ. 'ನಾನು' ಅಂತ ಇದ್ದ ಕಡೆಯಲ್ಲೆಲ್ಲ 'ನಾವು'. 'ನಾನು ಚರ್ಚಿನಲ್ಲಿ ಹಾಡು ಕಲಿಸಿದೆ' ಅನ್ನುವುದು 'ನಮ್ಮಲ್ಲಿ ಹಾಡು ಇತ್ತು' ಆಗಿತ್ತು. 1979ರಲ್ಲಿ ವಿಯೆಟ್ನಾಮಿನಿಂದ ದೋಣಿಯಲ್ಲಿ ತಪ್ಪಿಸಿಕೊಂಡು ಬಂದ ಐವರನ್ನು ತಮ್ಮ ಮನೆಯ ಕೆಳಮಹಡಿಯಲ್ಲಿ ಹನ್ನೊಂದು ತಿಂಗಳು ಇಟ್ಟುಕೊಂಡಿದ್ದರು. ಅದನ್ನು ಪೂರ್ತಿ ಹೊಡೆದು ಪಕ್ಕದಲ್ಲಿ 'ಎಲ್ಲರೂ ಮಾಡಿದರು' ಅಂತ ಬರೆದಿದ್ದರು. ನಿಜವೇ. ನಿರಾಶ್ರಿತರನ್ನು ಹೀಗೆ ಜನರೇ ಜವಾಬ್ದಾರಿ ಹೊತ್ತು ಕರೆತರಬಹುದು ಅಂತ ಕೆನಡಾ ಸರ್ಕಾರದ ಜೊತೆ ಮೊದಲು ಒಪ್ಪಂದ ಮಾಡಿಕೊಂಡದ್ದು ಇವರ ಸೆಂಟ್ರಲ್ ಕಮಿಟಿಯೇ. ಆದರೂ ಆ ಐವರಿಗೆ ಅನ್ನ ಬೇಯಿಸಿದ್ದು ಎಲ್ಲರೂ ಅಲ್ಲವಲ್ಲ!

"ಇದು ನಿಮ್ಮ ಕಥೆ ಅಜ್ಜಿ, ಊರಿನದ್ದಲ್ಲ" ಅಂತ ವಾದ ಮಾಡಿದೆ.

"ನನ್ನದು ಅಂತ ಬೇರೆ ಏನಿದೆ?" ಅಂದರು. ಬೂಟಾಟಿಕೆ ಇರಲಿಲ್ಲ. ನಿಜವಾಗಿಯೂ ಅವರಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಕೊನೆಗೆ ವಿಯೆಟ್ನಾಮಿನವರಿಗೆ ಮೂರು ಸಾಲು ಅಂತ ರಾಜಿ ಆಯಿತು.

ದೀಕ್ಷಾಸ್ನಾನದ ಮಾತು ಬಂದದ್ದು ಡಿಸೆಂಬರಿನಲ್ಲಿ. 1952ರ ಪೆಂತೆಕೋಸ್ತ್ ಭಾನುವಾರ, ಅವರಿಗೆ 19. ಅದಕ್ಕೆ ಮೊದಲು ಚಳಿಗಾಲವಿಡೀ ಜರ್ಮನ್‌ನಲ್ಲಿ ಪ್ರಶ್ನೋತ್ತರ ಬಾಯಿಪಾಠ. ಅವರ ಸಭೆಯಲ್ಲಿ ನೀರು ತಲೆಗೆ ಎರೆಯುತ್ತಾರೆ. ಪಕ್ಕದ ಬೀದಿಯ ಇನ್ನೊಂದು ಬಗೆಯ ಮೆನೊನೈಟರು ಪೂರ್ತಿ ಮುಳುಗಿಸುತ್ತಾರೆ. ಈ ವಿಷಯಕ್ಕೆ ಮದುವೆಗಳೇ ಮುರಿದಿವೆಯಂತೆ. ನನಗೆ ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು ಬಂದು ಲಿಂಗ ಕಟ್ಟಿದ್ದರು, ಯಾರೂ ನನ್ನನ್ನು ಕೇಳಿರಲಿಲ್ಲ ಅಂದೆ. ಅಜ್ಜಿ ಬಹಳ ಆಸಕ್ತಿಯಿಂದ ಕೇಳಿದರು. "ನಮ್ಮನ್ನು ಕೇಳುತ್ತಾರೆ. ಆದರೆ 'ಇಲ್ಲ' ಅನ್ನಲು ಎಷ್ಟು ಜಾಗ ಇರುತ್ತದೆ ಅಂದುಕೊಂಡಿದ್ದೀಯ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಾನು ಒಂದು ವರ್ಷ ಇಲ್ಲ ಅಂದಿದ್ದೆ" ಅಂದರು.

ಅವತ್ತು 'ನಾವು' ಅನ್ನಲಿಲ್ಲ.

ಯಾಕೆ ಅಂತ ಕೇಳಿದೆ. "ಫೋನ್ ಆಫ್ ಮಾಡು."

ಆಫ್ ಮಾಡಿದೆ. ಅವರು ಎದ್ದು ಪಾತ್ರೆ ತೊಳೆದರು. ಆ ದಿನ ಏನೂ ಹೇಳಲಿಲ್ಲ.

ಹೇಳಿದ್ದು ಜನವರಿಯಲ್ಲಿ. ಹೊರಗೆ ಮೈನಸ್ ಇಪ್ಪತ್ತು. ಮೇ ತಿಂಗಳ ಕೊನೆಗೆ ನ್ಯೂ ಹ್ಯಾಂಬರ್ಗ್‌ನಲ್ಲಿ ದೊಡ್ಡ ಹರಾಜು ನಡೆಯುತ್ತದೆ, 1967ರಿಂದ. ಹೆಂಗಸರು ಹೊಲಿದ ಹೊದಿಕೆಗಳನ್ನು ಕೂಗಿ ಮಾರಿ, ಬಂದ ಹಣವನ್ನು ಪರಿಹಾರಕ್ಕೆ ಕಳಿಸುತ್ತಾರೆ. ಅದಕ್ಕಾಗಿ ಅಜ್ಜಿಯ ಮನೆಯ ಹಾಲ್‌ನಲ್ಲಿ ಮರದ ಚೌಕಟ್ಟಿಗೆ ಒಂದು ಹೊದಿಕೆ ಬಿಗಿದಿದ್ದರು. ನಾನೂ ಒಂದು ಸೂಜಿ ಹಿಡಿದು ಎದುರು ಕೂತೆ. ಅವರ ಹೊಲಿಗೆ ಇರುವೆ ಸಾಲಿನ ಹಾಗೆ. ನನ್ನದು ಕೌದಿ ಹೊಲಿಗೆ, ಹಳೆ ಸೀರೆಯ ನಾಲ್ಕು ಪದರ ದಾಟುವ ಉದ್ದುದ್ದ ಎಳೆ. ಬಿಚ್ಚುತ್ತಾರೆ ಅಂದುಕೊಂಡೆ. ಬಿಚ್ಚಲಿಲ್ಲ. ತಲೆ ಎತ್ತದೆಯೇ ಅಣ್ಣನ ವಿಷಯ ತೆಗೆದರು.

ಎರಡನೇ ಮಹಾಯುದ್ಧದಲ್ಲಿ ಕೆನಡಾದ ಮೆನೊನೈಟ್ ಹುಡುಗರಿಗೆ ಬೇರೆ ದಾರಿ ಇತ್ತು. ಕೋವಿ ಹಿಡಿಯಲಾರೆ ಅಂತ ನ್ಯಾಯಾಧೀಶರ ಮುಂದೆ ಒಪ್ಪಿಸಿದರೆ ಕಾಡಿನ ಶಿಬಿರಕ್ಕೆ ಕಳಿಸುತ್ತಿದ್ದರು. ರಸ್ತೆ ಕಡಿಯುವುದು, ಗಿಡ ನೆಡುವುದು, ದಿನಕ್ಕೆ 50 ಸೆಂಟ್. ಅಣ್ಣನ ಜೊತೆಯವರೆಲ್ಲ ಹಾಗೆ ಹೋದರು. ಅಣ್ಣ 1942ರಲ್ಲಿ ಸೈನ್ಯ ಸೇರಿದ. ಈ ದೇಶ ನಮ್ಮನ್ನು ಒಳಗೆ ಬಿಟ್ಟಿತು, ಅದಕ್ಕೂ ಒಂದು ಸಾಲ ಇದೆ ಅಂದನಂತೆ. ಅಪ್ಪ ಮಾತು ಬಿಟ್ಟರು.

1945ರ ವಸಂತದಲ್ಲಿ ಹಾಲೆಂಡಿನ ಉತ್ತರವನ್ನು ಜರ್ಮನರಿಂದ ಬಿಡಿಸಿದ್ದು ಕೆನಡಾದ ಸೈನ್ಯ. ಅಣ್ಣನಿದ್ದ ತುಕಡಿ ಫ್ರೀಸ್‌ಲ್ಯಾಂಡ್ ಹಾದು ಹೋಯಿತು. ಅಲ್ಲಿಂದ ಅಪ್ಪನಿಗೆ ಒಂದು ಕಾರ್ಡ್ ಬರೆದ. "ಮೆನ್ನೋನ ನಾಡು ನೋಡಿದೆ. ಕೋವಿ ಹಿಡಿದುಕೊಂಡೇ ನೋಡಿದೆ."

1946ರಲ್ಲಿ ವಾಪಸು ಬಂದ. ಸಭೆಯ ಮುಂದೆ ನಿಂತು ತಪ್ಪಾಯಿತು ಅನ್ನು ಅಂದರು. ಬೇರೆ ಕೆಲವು ಹುಡುಗರು ಅಂದರು. ಇವನು ಅನ್ನಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವನ ಹೆಸರನ್ನು ಓದಿ, ಪಟ್ಟಿಯಿಂದ ತೆಗೆದರು. ರೈಲ್ವೆ ಸಾಲ ತೀರಿತು ಅಂತ ದೇವರಿಗೆ ಕೃತಜ್ಞತೆ ಹೇಳಿದ ವರ್ಷವೂ ಅದೇ. ಹದಿಮೂರು ವರ್ಷದ ಅಜ್ಜಿ ಹೆಂಗಸರ ಸಾಲಿನಲ್ಲಿ ಕೂತು ಅಪ್ಪನನ್ನೇ ನೋಡುತ್ತಿದ್ದರು. ಅಪ್ಪ ತಲೆ ಎತ್ತಲಿಲ್ಲ. ಅಣ್ಣ ಬ್ರಿಟಿಷ್ ಕೊಲಂಬಿಯಾಕ್ಕೆ ಹೋದವನು ಮತ್ತೆ ಮನೆಗೆ ಬರಲಿಲ್ಲ. ಅಮ್ಮ ಪ್ರತಿ ಕ್ರಿಸ್ಮಸ್‌ಗೆ ಒಣಗಿಸಿದ ಟ್ವೀಬಾಕ್ ಅಂಚೆಯಲ್ಲಿ ಕಳಿಸುತ್ತಿದ್ದರು. ಗಂಡನಿಗೆ ಗೊತ್ತಿಲ್ಲದ ಹಾಗೆ. ಗಂಡನಿಗೆ ಗೊತ್ತಿತ್ತು.

ಇಷ್ಟಾದರೂ ಅದೇ ಸಭೆಯಲ್ಲಿ ದೀಕ್ಷಾಸ್ನಾನ ತಗೊಂಡಿರಿ, ಹೇಗೆ ಅಂತ ನಾನು ಕೇಳಿಯೇಬಿಟ್ಟೆ. ಕೇಳಬಾರದಿತ್ತೇನೋ. ಅಜ್ಜಿ ದಾರ ಕಚ್ಚಿ ತುಂಡು ಮಾಡಿದರು. "ಅಣ್ಣ ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ಉಣ್ಣಲು ಕೊಟ್ಟವರೂ ಇವರೇ. ಅಣ್ಣನ ಹೆಸರು ಹೊಡೆದವರೂ ಇವರೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ನನಗೆ ಬರಲಿಲ್ಲ. ಒಂದು ವರ್ಷ ನೋಡಿದೆ."

ಆಮೇಲೆ ಒಳಗೆ ಹೋಗಿ ಅಪ್ಪನ ಜರ್ಮನ್ ಬೈಬಲ್ ತಂದರು. 1971ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅದರೊಳಗೆ ಸಿಕ್ಕಿತಂತೆ ಆ ಕಾರ್ಡು. ಪರ್ವತ ಪ್ರಸಂಗದ ಪುಟದಲ್ಲಿ ಇತ್ತು, ನಿಮ್ಮ ವೈರಿಗಳನ್ನು ಪ್ರೀತಿಸಿರಿ ಅಂತ ಬರುತ್ತದಲ್ಲ, ಅಲ್ಲಿ. ನಾನು ಕೈಯಲ್ಲಿ ಹಿಡಿದು ನೋಡಿದೆ. ಕಾಲುವೆ, ಗಾಳಿಗಿರಣಿ ಇರುವ ಚಿತ್ರ. ಒಂದು ಮೂಲೆ ಮಾತ್ರ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಒಂದೇ ಕಡೆ ಹೆಬ್ಬೆರಳಿಟ್ಟು ಎಷ್ಟೋ ಸಲ ತೆಗೆದ ಕಾರ್ಡು ಅದು.

ಕಾರ್ಡು ಸಿಕ್ಕ ಆ ವಾರವೇ ಅಮ್ಮ ಬಾಯಿಬಿಟ್ಟರಂತೆ. 1918ರ ಕೊನೆ, ಜರ್ಮನ್ ಸೈನ್ಯ ಉಕ್ರೇನಿನಿಂದ ಹಿಂದೆ ಸರಿಯುವಾಗ ಮೊಲೊಚ್ನಾದ ಹುಡುಗರಿಗೆ ಕೋವಿ ಸಿಕ್ಕಿತ್ತು. ಸೆಲ್ಪ್‌ಸ್ಟ್‌ಶುಟ್ಸ್, ಆತ್ಮರಕ್ಷಣೆಯ ದಳ. ಕೆಲವು ತಿಂಗಳು ಮಖ್ನೋನ ದಂಡಿನ ಎದುರು ಕಾದಿದರು, ಸೋತರು. ಆಮೇಲೆ ಇದು ತಪ್ಪಾಯಿತು ಅಂತ ಹಿರಿಯರು ಅಂದರು. ಕೆನಡಾಕ್ಕೆ ಬಂದವರು ಅದರ ಬಗ್ಗೆ ಮಾತೇ ಆಡಲಿಲ್ಲ. ಹತ್ತೊಂಬತ್ತು ವರ್ಷದ ಅಪ್ಪ ಆ ದಳದಲ್ಲಿದ್ದರು.

"ಅವತ್ತು ಸಭೆಯಲ್ಲಿ ಕೂತಿದ್ದ ಎಷ್ಟು ಗಂಡಸರು ಆ ದಳದವರೋ" ಅಂದರು ಅಜ್ಜಿ. ಅಷ್ಟೇ. ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟರು.

ಇದನ್ನು ಬರೆಯುವುದಿಲ್ಲ ಅಂತ ನಾನು ಖಾತ್ರಿ ಮಾಡಿಕೊಂಡಿದ್ದೆ. ಫೋನ್ ಆಫ್ ಇತ್ತು, ಮಾತು ಅಲ್ಲಿಗೇ ಮುಗಿಯಿತು. ಆದರೆ ಫೆಬ್ರವರಿಯಲ್ಲಿ ನಾಲ್ಕು ಪುಟದ ಕೊನೆಯ ಪ್ರತಿ ಕೊಟ್ಟಾಗ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ನಾಲ್ಕು ವಾಕ್ಯ ಬರೆದು ವಾಪಸು ಕಳಿಸಿದ್ದರು. 'ನನ್ನ ಅಣ್ಣ ಹುಟ್ಟಿದ್ದು 1922ರಲ್ಲಿ. ನನ್ನ ಅಪ್ಪ 1918ರಲ್ಲಿ ಕೋವಿ ಹಿಡಿದರು, ಅಣ್ಣ 1942ರಲ್ಲಿ ಹಿಡಿದ. ಅಪ್ಪನನ್ನು ಸಭೆ ಏನೂ ಕೇಳಲಿಲ್ಲ. ಅಣ್ಣನ ಹೆಸರು ಹೊಡೆದರು.' ಎರಡು ಸಲ 'ನನ್ನ'. ನಾನು ಆ ಪದಗಳನ್ನು ತೋರಿಸಿದೆ. "ಇರಲಿ ಬಿಡು" ಅಂದರು.

ಪುಸ್ತಿಕೆ ಸಮಿತಿಯವರು ಫೋನ್ ಮಾಡಿದರು. ಒಳ್ಳೆಯ ಜನ, ಧ್ವನಿಯೂ ಮೆತ್ತಗೆ. 'ಅಣ್ಣ ಮುಂದೆ ಪಶ್ಚಿಮಕ್ಕೆ ಹೋಗಿ ನೆಲೆಸಿದರು' ಅಂತ ಒಂದು ಸಾಲಿಗೆ ಇಳಿಸಬಹುದಾ, ಜಾಗವೂ ಉಳಿಯುತ್ತದೆ ಅಂದರು. ಅಜ್ಜಿ ಸ್ಪೀಕರ್‌ನಲ್ಲಿ ಕೇಳಿಸಿಕೊಂಡು, "ಜಾಗ ಸಾಲದಿದ್ದರೆ ಟ್ವೀಬಾಕ್ ತೆಗೆಯಿರಿ" ಅಂದರು. ಎರಡೂ ಉಳಿದವು.

ಏಪ್ರಿಲ್ ಕೊನೆಗೆ ಅಚ್ಚಾಗಿ ಬಂತು. ನೂರೈವತ್ತು ಪ್ರತಿ. ಭಾನುವಾರ ಹಂಚುವ ಮುಂಚೆ ಒಂದು ಪ್ರತಿ ಅಜ್ಜಿಗೆ ತಲುಪಿಸಿದ್ದರು. ಶುಕ್ರವಾರ ಬೆಳಿಗ್ಗೆ ನನಗೆ ಕರೆ. ಹೋದೆ. ಭೂತಗನ್ನಡಿ ನಾಲ್ಕನೇ ಪುಟದ ಮೇಲಿತ್ತು.

ಅಣ್ಣ ಹುಟ್ಟಿದ್ದು 1932 ಅಂತ ಅಚ್ಚಾಗಿತ್ತು. ಬೇಗ ಟೈಪ್ ಮಾಡುವ ನನ್ನದೇ ಕೈಚಳಕ. ಮೂರು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ನೆಲ ಬಾಯಿಬಿಡಬಾರದಾ ಅನಿಸಿತು.

ಅಜ್ಜಿ ಬೈಯಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದರೆ ಯುದ್ಧದ ಹೊತ್ತಿಗೆ ಅವನಿಗೆ ಹತ್ತು ವರ್ಷ. ಯಾವ ಸೈನ್ಯವೂ ತಗೊಳ್ಳುತ್ತಿರಲಿಲ್ಲ. ಮನೆಯಲ್ಲೇ ಇರುತ್ತಿದ್ದ" ಅಂದರು. ಆ ಪುಟವನ್ನು ಇನ್ನೊಂದು ಸಲ ನೋಡಿ ಸಣ್ಣಗೆ ನಕ್ಕರು. ಆಮೇಲೆ ಡ್ರಾಯರಿನಿಂದ ಇನ್ನೊಂದು ಪೆನ್ಸಿಲ್ ತೆಗೆದು, ಎರಡನ್ನೂ ಚೂಪು ಮಾಡಿದರು.

ಚರ್ಚಿಗೆ ಹೋಗಿ ಪೆಟ್ಟಿಗೆಗಳನ್ನು ಕಾರಿನಲ್ಲಿ ಹಾಕಿಕೊಂಡು ಬಂದೆ. ಅಡುಗೆಮನೆ ಮೇಜಿನ ಆ ಕಡೆ ಅವರು, ಈ ಕಡೆ ನಾನು. ನಾಲ್ಕನೇ ಪುಟ ತೆರೆಯುವುದು, 3ನ್ನು ಹೊಡೆಯುವುದು, ಮೇಲೆ 2 ಬರೆಯುವುದು. ನನ್ನ 2 ಅವರಿಗೆ ಹಿಡಿಸಲಿಲ್ಲ, ಕುತ್ತಿಗೆ ಉದ್ದವಾಯಿತಂತೆ. ಹಾಗಾಗಿ ನಾನು ಪುಟ ತೆರೆದುಕೊಟ್ಟೆ, ಅವರು ಬರೆದರು. ಸಂಜೆ ಹೊತ್ತಿಗೆ ನೂರಾ ಹತ್ತು ಆಗಿತ್ತು. ಇನ್ನೂ ನಲವತ್ತು ಉಳಿದಿದ್ದವು. ಅಜ್ಜಿ ಎದ್ದು ಕಾಫಿಗೆ ನೀರಿಟ್ಟರು.